ಗೃಹಿಣಿಯ ಪುಟ: ಗಾಡಿಗಿಂತ ಮೊದಲು ದಾರಿ

ನಾಪೋಕ್ಲಿನ ಸೋದರಿಯೊಬ್ಬರು ಬರೆದ ಕಾಗದವು ಕಳೆದ ತಿಂಗಳು ನನ್ನ ಕೈಸೇರಿತು. ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಉಪ್ಪಿನಕಾಯಿಗೆ ಬೂಷ್ಟು ಹಿಡಿದುದನ್ನೋ ಮಗುವಿನ ಕೆಮ್ಮನ್ನೋ ಕುರಿತವಾಗಿರುವುವು. ಇದು ಬೇರೆ ಬಗೆಯದು. ಅವರ ಒಪ್ಪಿಗೆಯನ್ನು ಪಡೆದು, ಹೆಸರನ್ನು ಮಾತ್ರ ಬಿಟ್ಟು, ಅದರ ಸಾರಾಂಶವನ್ನು ವಾಚಕರ ಮುಂದಿಡುತ್ತೇನೆ.

ಸೋದರಿಯ ಮೊದಲನೆಯ ಮಗುವಿಗೆ ಈಗ 16 ತಿಂಗಳು. ಎರಡನೆಯದು ಇನ್ನು ನಾಲ್ಕು ತಿಂಗಳಲ್ಲಿ, ಕಾವೇರಿ ಸಂಕ್ರಮಣದ ಹೊತ್ತಿಗೆ, ಹುಟ್ಟಬೇಕು. ಮನೆಯು ಕಾಫಿತೋಟದ ನಡುವೆ, ಗುಡ್ಡದ ಓರೆಯಲ್ಲಿದೆ. ಅಂಗಳದಿಂದ ಡಾಮರು ರಸ್ತೆಗೆ ಅರ್ಧ ಫರ್ಲಾಂಗಿನಷ್ಟು, ಎಂದರೆ ಸುಮಾರು 100 ಮೀಟರು, ಕೆಮ್ಮಣ್ಣಿನ ಇಳಿಜಾರು. ಅಲ್ಲಿಂದ ಅಂಗಡಿಬೀದಿಗೆ ಒಂದು ಮೈಲು. ಪತಿಯು ಹಗಲೆಲ್ಲ ತೋಟದಲ್ಲಿರುವರು, ಅತ್ತೆಯವರಿಗೆ ಮಂಡಿನೋವು. ಮೊದಲ ಹೆರಿಗೆಯು ಶಸ್ತ್ರಕ್ರಿಯೆಯಿಂದಾದುದು. ಈ ಸಲವೂ ಹಾಗೆಯೇ ಆದೀತೆಂದು ವೈದ್ಯರು ಸೂಚಿಸಿದ್ದಾರೆ.

ಈ ವರ್ಷ ಕಾಫಿಗೆ ಬೆಲೆ ಬಂದಿತೆಂದು ಪತಿಯು, ಒಂದು ಮಗುವಿನಿಂದ ಎರಡು ಮಕ್ಕಳಿಗೆ ಮಾರ್ಪಡಿಸಬಹುದಾದ ಪರದೇಶದ ತಳ್ಳುಗಾಡಿಯೊಂದನ್ನು ಅರವತ್ತು ಸಾವಿರ ರೂಪಾಯಿ ಕೊಟ್ಟು ತರಿಸುವೆನೆನ್ನುತ್ತಾರೆ. "ನಾನು ಐದು ಮಕ್ಕಳನ್ನು ಸೊಂಟದಲ್ಲಿಟ್ಟು ಸಾಕಿದೆ. ಈ ಗುಡ್ಡದಲ್ಲಿ ಗಾಡಿಯೇ?" ಎಂಬುದು ಅತ್ತೆಯವರ ಮಾತು. ಇಬ್ಬರ ನಡುವೆ ಸಿಕ್ಕಿದ ಸೋದರಿಯು ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದಾರೆ: "ಗಾಡಿ ಮಕ್ಕಳಿಗೆ ಬೇಕೋ ಬೇಡವೋ ನಾನರಿಯೆ. ನನಗೆ ಬೇಕು. ಮೊದಲನೆಯ ಮಗುವಾದಾಗ ಐದು ತಿಂಗಳು ಅಂಗಳವನ್ನು ದಾಟಲಿಲ್ಲ. ಈ ಸಲ ಹಾಗಾಗಬಾರದು."

ವಾಚಕರೇ, ಈ ಕೊನೆಯ ಮಾತನ್ನು ಲಘುವಾಗಿ ಎಣಿಸಬೇಡಿ. ಮಗುವಿನ ಗಾಡಿಯನ್ನು ಕೆಲವರು ಷೋಕಿಯ ವಸ್ತುವೆಂದು ಹಳಿಯುವರು. ಕೆಲವರು ಅದಿಲ್ಲದೆ ಮಗು ಬೆಳೆಯದೆಂದು ನಂಬುವರು. ಎರಡೂ ನಿಜವಲ್ಲ. ಗಾಡಿಯು ಮುಖ್ಯವಾಗಿ ತಾಯಿಯ ಕಾಲಿಗೆ ಸಹಾಯ. ಅವಳು ಯಾವ ದಾರಿಯಲ್ಲಿ, ಎಷ್ಟು ದೂರ, ಯಾರ ನೆರವಿಲ್ಲದೆ ಹೋಗಿಬರಬೇಕಾಗಿದೆ ಎಂಬುದನ್ನು ಮೊದಲು ನಿಶ್ಚಯಿಸಿ, ಅನಂತರ ಅಂಗಡಿಯ ಮಾತಿಗೆ ಹೋಗತಕ್ಕದ್ದು.

ಗಾಡಿಯ ಪೂರ್ವಕಥೆಯೂ ಇದನ್ನೇ ತೋರಿಸುವುದು. 1733ರಲ್ಲಿ ವಿಲಿಯಂ ಕೆಂಟ್ ಎಂಬ ಉದ್ಯಾನಶಿಲ್ಪಿಯು ಇಂಗ್ಲೆಂಡಿನ ಡೆವನ್‌ಷೈರ್ ಡ್ಯೂಕರ ಮಕ್ಕಳಿಗಾಗಿ, ಆಡು ಇಲ್ಲವೆ ತಟ್ಟುಕುದುರೆ ಎಳೆಯತಕ್ಕ ಪುಟ್ಟ ರಥವೊಂದನ್ನು ರಚಿಸಿದನು. ಅರಮನೆಯ ಸಮತಟ್ಟಾದ ತೋಟಕ್ಕೆ ಅದು ಒಪ್ಪಿತು. 1889ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ ಎಂಬಾತನು, ಮಗುವಿನ ತೊಟ್ಟಿಲನ್ನು ತಳ್ಳುವವರ ಕಡೆಗಾದರೂ ದಾರಿಯ ಕಡೆಗಾದರೂ ತಿರುಗಿಸಬಹುದಾದ ಗಾಡಿಗೆ ಪೇಟೆಂಟು ಪಡೆದನು. ಇಂದು ನಾವು ಮಾರ್ಪಡುವ ಗಾಡಿಯೆಂದು ಕರೆಯುವ ವಸ್ತುವಿನ ಮೊದಲ ಮೊಳಕೆಗಳಲ್ಲಿ ಇದೊಂದು. 1965ರಲ್ಲಿ ಇಂಗ್ಲೆಂಡಿನ ಓವನ್ ಮೆಕ್ಲಾರೆನ್ ಎಂಬ ಎಂಜಿನಿಯರು, ಮೊಮ್ಮಗುವಿನ ಭಾರವಾದ ಗಾಡಿಯಿಂದ ಮಗಳು ಪಡುತ್ತಿದ್ದ ಪಾಡನ್ನು ಕಂಡು, ಕೊಡೆಯಂತೆ ಮಡಿಸಬಹುದಾದ ಅಲ್ಯೂಮಿನಿಯಂ ಗಾಡಿಯನ್ನು ರಚಿಸಿದನು. ಯುದ್ಧವಿಮಾನದ ಚಕ್ರಗಳ ಕೆಲಸದಲ್ಲಿ ಆತನು ನುರಿತವನು. ಹಗುರವೂ ಗಟ್ಟಿಯೂ ಆದ ಚೌಕಟ್ಟಿನ ಮರ್ಮ ಅವನಿಗೆ ತಿಳಿದಿದ್ದಿತು. ಆ ಗಾಡಿಯ ತೂಕ ಸುಮಾರು ಮೂರು ಕಿಲೋ ಮಾತ್ರ. ಮೂವರೂ ತಂತಮ್ಮ ಕಣ್ಣೆದುರಿನ ದಾರಿಗೆ ಗಾಡಿ ಮಾಡಿದರೇ ಹೊರತು ಲೋಕದ ದಾರಿಗಳಿಗೆಲ್ಲ ಅಲ್ಲ.

ನಾಪೋಕ್ಲಿನ ದಾರಿಯಲ್ಲಿ ಗಾಡಿಗಳ ಗತಿಯೇನೆಂಬುದನ್ನು ನಾನೇ ಕಂಡಿದ್ದೇನೆ. 1997ರಲ್ಲಿ ಕರಡದಲ್ಲಿ ಮೊದಲಾದ ಕೊಡವ ಕುಟುಂಬಗಳ ಹಾಕಿ ಹಬ್ಬವು 2024ರಲ್ಲಿ ಕುಂಡ್ಯೋಳಂಡ ಕಪ್ ಎಂಬ ಹೆಸರಿನಲ್ಲಿ ನಾಪೋಕ್ಲಿನ ಚೆರಿಯಪರಂಬಿನ ಜನರಲ್ ತಿಮ್ಮಯ್ಯ ಮೈದಾನದಲ್ಲಿ ನಡೆಯಿತಷ್ಟೆ. 360 ಕುಟುಂಬಗಳ ತಂಡಗಳು. ಬೆಂಗಳೂರು, ಮೈಸೂರುಗಳಿಂದ ಬಂದ ನೆಂಟರಿಷ್ಟರ ಸಂದಣಿ. ಒಂದು ಮಧ್ಯಾಹ್ನ ಮೈದಾನದ ಬದಿಯಲ್ಲಿ ಕುಳಿತು, ಆಟಕ್ಕಿಂತ ಹೆಚ್ಚಾಗಿ ಗಾಡಿಗಳನ್ನೇ ನೋಡಿದೆನು. ಸಣ್ಣ ಚಕ್ರದವು ಹುಲ್ಲಿನ ಅಂಚಿಗೆ ಬರುತ್ತಲೇ ನಿಂತುಬಿಡುತ್ತಿದ್ದುವು. ಒಬ್ಬ ತರುಣ ತಂದೆಯು ಇಬ್ಬರು ಕೂರುವ ದೊಡ್ಡ ಗಾಡಿಯನ್ನು ಮಡಿಸಿ ಎರಡು ಕೈಗಳಲ್ಲಿ ಹೊತ್ತಿದ್ದನು. ಒಂದು ಮಗು ಅವನ ಹೆಗಲ ಮೇಲೆ, ಇನ್ನೊಂದು ಅಜ್ಜನ ಸೊಂಟದಲ್ಲಿ. ಒಳಗೆ ಕುಳಿತು ಸುಖವಾಗಿ ಪಯಣಿಸುತ್ತಿದ್ದುದು ಹೆಚ್ಚಾಗಿ ಕೈಚೀಲಗಳೂ ನೀರಿನ ಬಾಟಲಿಗಳೂ. ದೊಡ್ಡ ಚಕ್ರದ, ಹಗುರವಾದ ಒಂದೆರಡು ಗಾಡಿಗಳು ಮಾತ್ರ ಮಗುವನ್ನು ಹೊತ್ತುಕೊಂಡೇ ದಾಟಿದುವು.

ಈಗ ಗಾಡಿಯ ವಿಷಯ. ಮಾರ್ಪಡುವ ಗಾಡಿ ಎಂಬ ಒಂದೇ ಹೆಸರಿನಲ್ಲಿ ಅಂಗಡಿಯವರು ಎರಡು ಸಂಗತಿಗಳನ್ನು ಮಾರುತ್ತಾರೆ. ಮೊದಲನೆಯದು, ಮಲಗುವ ತೊಟ್ಟಿಲು ಕೂರುವ ಆಸನವಾಗುವುದು, ಮತ್ತು ಮುಖವನ್ನು ಹಿಂದುಮುಂದಾಗಿ ತಿರುಗಿಸಲಾಗುವುದು. ಎರಡನೆಯದು, ಒಂದೇ ಚೌಕಟ್ಟಿಗೆ ಇನ್ನೊಂದು ಆಸನವನ್ನು ಸೇರಿಸಿ ಇಬ್ಬರ ಗಾಡಿಯಾಗಿಸುವುದು. ಮೊದಲನೆಯದು ಎಲ್ಲರಿಗೂ ಉಪಯುಕ್ತ. ತಾನಾಗಿ ಕೂರಲಾರದ ಕೂಸನ್ನು, ಎಂದರೆ ಸುಮಾರು ಆರು ತಿಂಗಳವರೆಗೆ, ಚಪ್ಪಟೆಯಾಗಿ ಮಲಗಿಸಿಯೇ ಒಯ್ಯಬೇಕು. ಕೂರಿಸಿದರೆ ತಲೆ ಎದೆಯ ಮೇಲೆ ಬಾಗಿ ಉಸಿರಿನ ದಾರಿ ಕಿರಿದಾಗುವುದು. ಎರಡನೆಯದರ ಅವಶ್ಯಕತೆಯನ್ನು ಮಾತ್ರ ಲೆಕ್ಕ ಹಾಕಿಯೇ ನಿಶ್ಚಯಿಸಬೇಕು.

ಎರಡು ಆಸನಗಳೂ ಒಟ್ಟಿಗೆ ಎಷ್ಟು ಕಾಲ ಬೇಕಾದಾವು? ನಮ್ಮ ಸೋದರಿಯ ಎರಡನೆಯ ಮಗು ಹುಟ್ಟುವಾಗ ಹಿರಿಯದಕ್ಕೆ 20 ತಿಂಗಳು. ಮೂರು ವರ್ಷ ತುಂಬಿದ ಮಗು ಒಂದು ಮೈಲನ್ನು ಆಡುತ್ತ ನಿಲ್ಲುತ್ತ ನಡೆಯಬಲ್ಲದೆಂದು ಇಟ್ಟುಕೊಂಡರೆ, ಇಬ್ಬರ ಗಾಡಿಯ ಕಾಲ 16 ತಿಂಗಳು. ಅದರಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯ ನಾಲ್ಕು ತಿಂಗಳನ್ನು ಕಳೆಯಿರಿ. ಬೊಳಿಬಾಣೆಯಲ್ಲಿ ಕಾವೇರಿಯು ರಸ್ತೆಯ ಮೇಲೆ ಹರಿಯುವ ದಿನಗಳಲ್ಲಿ ಕೂಸನ್ನು ಹೊರಗೊಯ್ಯುವವರು ಯಾರು? ಬಾಣಂತನದ ಒಂದೂವರೆ ತಿಂಗಳನ್ನು ಕಳೆಯಿರಿ. ಉಳಿದುದು ಹತ್ತೂವರೆ ತಿಂಗಳು. ಎರಡನೆಯ ಆಸನಕ್ಕೆ ಕೊಡುವ ಹಣವನ್ನು ಈ ಹತ್ತೂವರೆ ತಿಂಗಳಿಗೆ ಹಂಚಿ ನೋಡಿದರೆ ಅದರ ನಿಜವಾದ ಬೆಲೆ ತಿಳಿಯುವುದು.

ಇನ್ನು ಮಕ್ಕಳ ನಡುವಿನ ಅಂತರ ಹೆಚ್ಚಾಗಿರುವವರ ಮಾತು. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ 24 ತಿಂಗಳಾದರೂ ಕಾಯುವುದು ತಾಯಿಮಕ್ಕಳಿಬ್ಬರಿಗೂ ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರಂತೆ ನಡೆದ ಮನೆಯಲ್ಲಿ ಎರಡನೆಯದು ಹುಟ್ಟುವ ಹೊತ್ತಿಗೆ ಹಿರಿಯದಕ್ಕೆ ಮೂರು ವರ್ಷ ಸಮೀಪಿಸಿರುವುದು. ಅಂಥವರಿಗೆ ಇಬ್ಬರ ಗಾಡಿಯು ದಂಡ. ಆರೇಳು ಕಿಲೋ ತೂಕದ ಒಂಟಿ ಗಾಡಿಯೂ, ದಣಿದಾಗ ಹಿರಿಯ ಮಗು ನಿಂತುಕೊಳ್ಳಲು ಹಿಂದೆ ಜೋಡಿಸುವ ಚಕ್ರದ ಹಲಗೆಯೂ ಸಾಕು. ಅವಳಿಮಕ್ಕಳಿದ್ದವರಿಗೆ, ಅಥವಾ ಈ ಸೋದರಿಯಂತೆ ಅಂತರ ಕಡಮೆಯಿದ್ದವರಿಗೆ ಮಾತ್ರ ಇಬ್ಬರ ಗಾಡಿಯ ಆಲೋಚನೆ ತಕ್ಕದ್ದು.

ತೂಕದ ಲೆಕ್ಕವನ್ನೂ ನೋಡೋಣ. ಇಬ್ಬರ ಗಾಡಿಗಳ ತೂಕ ಸಾಮಾನ್ಯವಾಗಿ 12 ಕಿಲೋಗಿಂತ ಹೆಚ್ಚು, 14 ಎಂದಿಟ್ಟುಕೊಳ್ಳೋಣ. ಮೂರು ವರ್ಷದ ಮಗು ಸುಮಾರು 14 ಕಿಲೋ, 16 ತಿಂಗಳಿನದು ಸುಮಾರು 10. ಒಟ್ಟು 38 ಕಿಲೋ. ಹತ್ತು ಮೀಟರಿಗೆ ಒಂದು ಮೀಟರು ಏರುವ ದಾರಿಯಲ್ಲಿ ಇದರ ಹತ್ತನೆಯ ಒಂದು ಪಾಲು, ಸುಮಾರು ನಾಲ್ಕು ಕಿಲೋದಷ್ಟು ಎಳೆತ, ಹೆಜ್ಜೆಹೆಜ್ಜೆಗೂ ಕೈಗಳನ್ನು ಹಿಂದಕ್ಕೆ ಜಗ್ಗುವುದು. ಇದು ಡಾಮರಿನ ಲೆಕ್ಕ. ಕೆಸರಿನಲ್ಲಿ ಇದರ ಹಲವು ಪಟ್ಟು. ಇಳಿಯುವಾಗಲಂತೂ ಅಷ್ಟೇ ಬಲದಿಂದ ಹಿಡಿದುಕೊಳ್ಳಬೇಕು. ಶಸ್ತ್ರಕ್ರಿಯೆಯ ಹೆರಿಗೆಯಾದವರು ಸುಮಾರು ಆರು ವಾರಗಳವರೆಗೆ ಕೂಸಿಗಿಂತ ಹೆಚ್ಚಿನ ಭಾರವನ್ನು ಎತ್ತಬಾರದೆಂದು ವೈದ್ಯರು ಹೇಳುವರು. 14 ಕಿಲೋದ ಗಾಡಿಯನ್ನು ಕಾರಿನ ಡಿಕ್ಕಿಗೆ ಎತ್ತಿಡುವುದು ಅಂಗಡಿಯ ನುಣುಪು ನೆಲದ ಮೇಲೆ ಹೊಳೆಯದ ಕಷ್ಟ. ಆದುದರಿಂದ ಗಂಡಸರು ಅಂಗಡಿಯಲ್ಲಿ ಗಾಡಿಯನ್ನು ತಳ್ಳಿ ನೋಡಿ ಮೆಚ್ಚಿಕೊಂಡರೆ ಸಾಲದು. ಅದನ್ನು ಒಂದೇ ಕೈಯಿಂದ ಮಡಿಸಿ, ಎತ್ತಿ, ಇಳಿಸಿ ನೋಡತಕ್ಕವಳು ದಿನವೂ ಬಳಸತಕ್ಕ ಗೃಹಿಣಿ.

ಬ್ರೇಕಿನ ವಿಷಯವನ್ನು ಮಾತ್ರ ನನ್ನ ಅನುಭವದಿಂದಲೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಗಳು ಬೆಂಗಳೂರಿನಿಂದ ಮೊಮ್ಮಗನೊಡನೆ ಬಂದಿದ್ದಳು. ನಮ್ಮ ಅಂಗಳವೂ ಓರೆಯದೇ. ಕೆಳಗೆ ಕಾಫಿ ಒಣಗಿಸುವ ಕಣ, ಅದರಾಚೆ ಆಳೆತ್ತರದ ಬರೆ. ಆ ಗಾಡಿಯ ಹಿಂದಿನ ಎರಡು ಚಕ್ರಗಳಿಗೂ ಬೇರೆಬೇರೆ ಬ್ರೇಕು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿ, ನಾನು ಒಂದನ್ನು ಮಾತ್ರ ಮೆಟ್ಟಿ ಒಳಗೆ ಓಡಿದೆನು. ಹಿಂದಿರುಗಿ ಬರುವಷ್ಟರಲ್ಲಿ ಗಾಡಿಯು ನಿಂತ ಚಕ್ರದ ಸುತ್ತ ಅರ್ಧ ತಿರುಗಿ, ಅದನ್ನು ಎಳೆದುಕೊಂಡೇ ಇಳಿಜಾರಿನಲ್ಲಿ ಸಾಗಿದ್ದಿತು. ಒಣಗಲು ಹರಡಿದ ಕಾಫಿಯ ರಾಶಿಗೆ ಮುಂದಿನ ಚಕ್ರಗಳು ಹೂತು ನಿಂತುದರಿಂದ ಬರೆಯ ಅಂಚಿಗೆ ನಾಲ್ಕು ಮಾರು ಉಳಿದುವು. ಪಟ್ಟಿ ಬಿಗಿದಿದ್ದ ಮಗು ನಗುತ್ತಲೇ ಇದ್ದಿತು. ನನಗೆ ಮಾತ್ರ ಸಂಜೆಯವರೆಗೂ ಕೈನಡುಕ ನಿಲ್ಲಲಿಲ್ಲ. ಮಗಳು ಒಂದು ಮಾತನ್ನೂ ಆಡಲಿಲ್ಲ. ಅದು ಬೈದುದಕ್ಕಿಂತ ಹೆಚ್ಚಾಯಿತು.

ಆದುದರಿಂದ, ಒಮ್ಮೆ ಮೆಟ್ಟಿದರೆ ಹಿಂದಿನ ಎರಡು ಚಕ್ರಗಳನ್ನೂ ಹಿಡಿಯುವ ಬ್ರೇಕಿನ ಗಾಡಿಯನ್ನೇ ಆರಿಸಿರಿ. ಇಳಿಜಾರಿನಲ್ಲಿ ಅದನ್ನು ಎಂದೂ ಇಳಿಜಾರಿನ ಕಡೆಗೆ ಮುಖಮಾಡಿ ನಿಲ್ಲಿಸದೆ ಅಡ್ಡಲಾಗಿ ನಿಲ್ಲಿಸಿರಿ. ನಡೆಯುವಾಗ ಹಿಡಿಕೆಯಿಂದ ಮಣಿಕಟ್ಟಿಗೆ ಒಂದು ಪಟ್ಟಿ ಇರಲಿ. ಮಗುವಿನ ಪಟ್ಟಿಯು ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯತಕ್ಕದ್ದಾಗಿರಬೇಕು. ಹತ್ತು ಹೆಜ್ಜೆಯ ದಾರಿಗೂ ಅದನ್ನು ಬಿಗಿಯಬೇಕು. ಇವೆಲ್ಲ ಇದ್ದರೂ ಮಗುವನ್ನು ಗಾಡಿಯಲ್ಲಿ ಬಿಟ್ಟು ಹಾಲಿನ ಕಡೆಗೆ ಓಡಬಾರದು. ಹಾಲು ಉಕ್ಕಿದರೆ ಉಕ್ಕಲಿ.

ಉಳಿದ ಪರೀಕ್ಷೆಗಳು ಇವು. ನಾಪೋಕ್ಲಿನ ರಸ್ತೆಗಳ ಬಹುಪಾಲಿಗೆ ಕಾಲುದಾರಿಯಿಲ್ಲದಿರುವುದರಿಂದ, ಮಕ್ಕಳು ಅಕ್ಕಪಕ್ಕ ಕೂರುವ ಅಗಲದ ಗಾಡಿಗಿಂತ ಹಿಂದುಮುಂದಾಗಿ ಕೂರುವ ಗಾಡಿ ಮೇಲು. ಅದನ್ನು ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನಗಳು ಕಾಣುವಂತೆ ತಳ್ಳಬೇಕು. ಚಕ್ರಗಳು ದೊಡ್ಡವಾಗಿರಲಿ. ಗಾಡಿಯ ಅಗಲವನ್ನೂ ಮನೆಯ ಬಾಗಿಲಿನ ಅಗಲವನ್ನೂ ಅಳತೆಪಟ್ಟಿಯಿಂದ ಅಳೆಯಿರಿ. ಯೂರೋಪಿನ ಇಎನ್ 1888 ಎಂಬ ಮಾನದಂಡದ ಮೊದಲ ಭಾಗವು 15 ಕಿಲೋವರೆಗಿನ ಮಕ್ಕಳಿಗೆ, 2018ರಲ್ಲಿ ಬಂದ ಎರಡನೆಯ ಭಾಗವು ಅಲ್ಲಿಂದ 22 ಕಿಲೋವರೆಗಿನವರಿಗೆ ಅನ್ವಯಿಸುವುದು. ಗಾಡಿಯ ಎರಡು ಆಸನಗಳ ಮಿತಿಯೂ ಒಂದೇ ಆಗಿರಬೇಕೆಂದಿಲ್ಲ. ಹಿರಿಯ ಮಗು ಕೂರತಕ್ಕ ಆಸನದ ಮಿತಿಯನ್ನು ಪ್ರತ್ಯೇಕವಾಗಿ ಕೇಳಿರಿ.

ಮಡಿಸುವ ಕೀಲುಗಳಿಗೆ ಮುಚ್ಚಳವಿದೆಯೇ ನೋಡಿರಿ. ಕೀಲಿನ ಸಂದಿಗೆ ಸಿಕ್ಕಿ ಮಕ್ಕಳ ಬೆರಳತುದಿ ತುಂಡಾದ ಹನ್ನೆರಡು ವರದಿಗಳು ಬಂದಮೇಲೆ, 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಹೆಸರಾಂತ ಸಂಸ್ಥೆಯ ಸುಮಾರು ಹತ್ತು ಲಕ್ಷ ಗಾಡಿಗಳಿಗೆ ಮುಚ್ಚಳ ಒದಗಿಸಬೇಕಾಗಿ ಬಂದಿತು. ಗಾಡಿಯನ್ನು ತೆರೆಯುವಾಗಲೂ ಮಡಿಸುವಾಗಲೂ ಮಕ್ಕಳು ದೂರವಿರಲಿ. ತರಕಾರಿಯ ಚೀಲವನ್ನು ಹಿಡಿಕೆಗೆ ತೂಗುಹಾಕಬೇಡಿ. ಮಗುವನ್ನು ಎತ್ತಿಕೊಂಡ ಕ್ಷಣವೇ, ಕೆಲವು ವೇಳೆ ಮಗುವಿದ್ದಾಗಲೂ, ಗಾಡಿ ಹಿಂದಕ್ಕೆ ಮಗುಚುವುದು. ಭಾರವು ಕೆಳಗಿನ ಬುಟ್ಟಿಯಲ್ಲಿರಲಿ. ದೃಷ್ಟಿಯಾದೀತೆಂದೋ ಬಿಸಿಲೆಂದೋ ಗಾಡಿಯ ಬಾಯಿಗೆ ಬಟ್ಟೆ ಕಟ್ಟುವ ಅಭ್ಯಾಸ ಕೆಲವರಿಗುಂಟು. ಅದರಿಂದ ಗಾಳಿಯಾಟ ನಿಂತು ಒಳಗೆ ಸೆಕೆ ಏರುವುದು. ಗಾಡಿಯದೇ ಕೊಡೆ ಸಾಕು.

ಇನ್ನು ಅತ್ತೆಯವರ ಮಾತು. ಸೋದರಿಯೇ, ಅವರ ಮಾತನ್ನು ತಳ್ಳಿಹಾಕಬೇಡಿ. ನಿಮ್ಮ ದಾರಿಯ ಮೊದಲ ನೂರು ಮೀಟರಿಗೆ ಅವರ ಉಪಾಯವೇ ಸರಿ. ಕೆಸರಿನ ಇಳಿಜಾರಿನಲ್ಲಿ ತಾಯಿಯ ಮೈಗಿಂತ ಒಳ್ಳೆಯ ವಾಹನವಿಲ್ಲ. ಕೂಸನ್ನು ಮೆತ್ತನೆಯ ಗಟ್ಟಿ ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಳ್ಳಿರಿ. ಮುಖ ಸದಾ ಕಾಣುತ್ತಿರಲಿ. ಗಲ್ಲ ಎದೆಗೆ ಒತ್ತದಿರಲಿ. ಕಟ್ಟುವ ಕ್ರಮವನ್ನು ಅತ್ತೆಯವರ ಮುಂದೆ ಕುಳಿತು, ಒಂದು ದಿಂಬನ್ನಿಟ್ಟು ಈಗಲೇ ಅಭ್ಯಾಸ ಮಾಡಿರಿ. ಹಿರಿಯ ಮಗು ನಿಮ್ಮ ಬೆರಳು ಹಿಡಿದು ಮೆಲ್ಲನೆ ಇಳಿಯಲಿ. ಗಾಡಿಯು ಗುಡ್ಡವನ್ನು ಏರಲೇಬೇಕಾದುದಿಲ್ಲ. ಅದು ಡಾಮರು ಮೊದಲಾಗುವಲ್ಲಿ, ರಸ್ತೆಯಂಚಿನ ಪರಿಚಿತರ ಮನೆಯ ಜಗಲಿಯಲ್ಲೋ ಅಂಗಡಿಯ ಹಿಂಬದಿಯಲ್ಲೋ ನಿಂತಿರಲಿ. ನಮ್ಮ ಕಡೆ ಇಷ್ಟು ಉಪಕಾರಕ್ಕೆ ಒಲ್ಲೆನೆನ್ನುವವರಿಲ್ಲ. ಅಲ್ಲಿಂದ ಒಂದು ಮೈಲು ಗಾಡಿಯ ದಾರಿ. ಅದು ಪತಿಯವರ ಮಾತಿಗೆ ಸಲ್ಲುವುದು. ಹೀಗೆ ಮಾಡಿದರೆ ಗಾಡಿಯನ್ನು ಎತ್ತುವ ಕಷ್ಟವೂ ತಪ್ಪುವುದು.

ಕೊಳ್ಳುವುದಾದರೆ ಹೀಗೆ ಕೊಳ್ಳಿರಿ. ಇಬ್ಬರಿಗೆ ಮಾರ್ಪಡುವ ಚೌಕಟ್ಟನ್ನೂ ಒಂದು ಆಸನವನ್ನೂ ಮಾತ್ರ ಮಳೆ ನಿಂತ ಮೇಲೆ, ಹೆರಿಗೆಗೆ ಮೊದಲು ತನ್ನಿರಿ. ಹಿರಿಯ ಮಗು ಅದಕ್ಕೆ ಒಗ್ಗಿಕೊಳ್ಳಲಿ. ಎರಡನೆಯ ಆಸನವೂ ಮಲಗಿಸುವ ತೊಟ್ಟಿಲೂ ಮುಂದೆ ಬಿಡಿಯಾಗಿ ದೊರೆಯುವುವೆಂಬುದನ್ನೂ ಅವುಗಳ ಬೆಲೆಯನ್ನೂ ಅಂಗಡಿಯವರಿಂದ ಬರೆಯಿಸಿಕೊಳ್ಳಿರಿ. ಹೆರಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ, ಕೂಸು ಎದೆಯ ಮೇಲೆ, ಹಿರಿಯದು ಗಾಡಿಯಲ್ಲಿ, ಹೀಗೆ ನಾಲ್ಕಾರು ಸಲ ಪೇಟೆಗೆ ಹೋಗಿಬನ್ನಿರಿ. ಇಷ್ಟರಲ್ಲೇ ಸಾಗುವುದಾದರೆ ಉಳಿದ ಹಣ ಉಳಿಯಿತು. ಬೆನ್ನು ನೋಯುವುದಾದರೆ ಆಗ ಎರಡನೆಯದನ್ನು ತರಿಸಿರಿ. ಆದರೆ ಕೂಸನ್ನು ಮಲಗಿಸಿದ ದಿನವೇ ಹಿರಿಯದನ್ನು ಅದರ ಜಾಗದಿಂದ ಎಬ್ಬಿಸಬೇಡಿ. ಹೊಸ ಆಸನದಲ್ಲಿ ಒಂದು ವಾರ ಮೊದಲೇ ಅದನ್ನು ಕೂರಿಸಿ, ಅದು ಅದರದೇ ಎಂದು ಹೇಳಿರಿ. ದೊಡ್ಡವರು ಅಲ್ಪವೆಂದೆಣಿಸುವ ಇಂಥ ಸಂಗತಿಗಳಿಂದಲೇ ಎರಡು ವರ್ಷದ ಮಗುವಿನ ಮನಸ್ಸು ನೋಯುವುದು.

ಮಳೆಗಾಲ ಬಂದಾಗ ಗಾಡಿಯ ಬಟ್ಟೆಗಳನ್ನು ಕಳಚಿ, ಒಗೆದು ಚೆನ್ನಾಗಿ ಒಣಗಿಸಿ, ಒಲೆಯ ಬಿಸಿ ತಾಗುವ ಅಟ್ಟದಲ್ಲಿಡಿ. ಇಲ್ಲವಾದರೆ ಕೊಡಗಿನ ಜುಲೈ ತಿಂಗಳು ಒಂದೇ ವಾರದಲ್ಲಿ ಅದಕ್ಕೆ ಬೂಷ್ಟು ಹಿಡಿಸುವುದು. ಕೀಲುಗಳ ಕೆಸರನ್ನು ಒರೆಸಿ, ತುಕ್ಕು ಹಿಡಿಯದಂತೆ ಒಂದೆರಡು ಹನಿ ಎಣ್ಣೆ ಬಿಡಿ. ಹೀಗೆ ಕಾಪಾಡಿದ ಗಾಡಿ ನಿಮ್ಮ ಮನೆಯಲ್ಲಿ ಕೆಲಸ ತೀರಿದ ಮೇಲೆ ತಂಗಿಯ ಮನೆಗೋ ನಾದಿನಿಯ ಮನೆಗೋ ಸಲ್ಲುವುದು.

ಸೋದರಿಯೇ, ಪುತ್ತರಿ ಕಳೆದ ಒಂದು ದಿನ, ಬಿಸಿಲು ಎಳೆಯದಾಗಿರುವಾಗ, ನೀವೊಬ್ಬರೇ ಇಬ್ಬರು ಮಕ್ಕಳೊಡನೆ ನಾಪೋಕ್ಲಿನ ಅಂಗಡಿಬೀದಿಗೆ ಹೋಗಿಬಂದ ಸಮಾಚಾರವನ್ನು ಈ ಪುಟಕ್ಕೆ ಬರೆಯಿರಿ. ಎರಡನೆಯ ಆಸನವನ್ನು ಕೊಂಡಿರೋ ಇಲ್ಲವೋ ಎಂಬುದನ್ನೂ ಬರೆಯಿರಿ. ನಿಮ್ಮಂತೆ ಲೆಕ್ಕ ಹಾಕುತ್ತಿರುವವರು ಬೇರೆಯೂ ಇರುವರು.